ಮರಳಿ ಬರುವ ವೇಷ

ಪಡುಬಿದ್ರಿಯಿಂದ ಕಾರ್ಕಳದ ಕಡೆಗೆ ಸಾಗುವ ಹೆದ್ದಾರಿಯು ಬೆಳ್ಮಣ್ಣಿನ ಪೇಟೆಯನ್ನು ಹಾದುಹೋಗುವಲ್ಲಿ, ಶ್ರೀ ದುರ್ಗಾಪರಮೇಶ್ವರೀ ದೇವಸ್ಥಾನಕ್ಕೆ ಅನತಿದೂರದ ಒಂದು ದಿನಸಿ ಅಂಗಡಿಯ ಜಗಲಿಯಲ್ಲಿ, ಕೃಷ್ಣಾಷ್ಟಮಿಯ ಮರುದಿನವಾದ ವಿಟ್ಲಪಿಂಡಿಯಂದು ಅಪರಾಹ್ಣ ನಾನು ಮಳೆ ಬಿಡುವುದನ್ನು ಕಾಯುತ್ತ ಕುಳಿತಿದ್ದಾಗ, ಕಣ್ಣಿಗೆ ವೇಷ ಕಾಣುವುದಕ್ಕೆ ಮುಂಚೆಯೇ ಕಿವಿಗೆ ತಾಸೆಯ ಸದ್ದು ಬಿತ್ತು. ಬಂದವರು ಆರೇಳು ಮಂದಿ ಹುಡುಗರು. ಅವರಲ್ಲೊಬ್ಬನು ಯಾವ ಪುರಾಣದಲ್ಲಿಯೂ ಕಾಣದ, ಕೊಂಬು ಕೋರೆಗಳ ಭೀಕರ ರೂಪವನ್ನು ಧರಿಸಿದ್ದನು. ಮತ್ತೊಬ್ಬನ ಕೈಯಲ್ಲಿ ಪಾರದರ್ಶಕವಾದ ಒಂದು ಪ್ಲಾಸ್ಟಿಕ್ ಪೆಟ್ಟಿಗೆ, ಅದರ ಮೇಲೆ ರೋಗಗ್ರಸ್ತವಾದ ಒಂದು ಮಗುವಿನ ಚಿತ್ರ. ಅಂಗಡಿಯ ಯಜಮಾನರು ಗಲ್ಲಾಪೆಟ್ಟಿಗೆಯಿಂದ ಐವತ್ತರ ನೋಟೊಂದನ್ನು ತೆಗೆದು ಪೆಟ್ಟಿಗೆಗೆ ಹಾಕಿದರು, ಗುಂಪು ಮುಂದಿನ ಅಂಗಡಿಗೆ ಸರಿದ ಮೇಲೆ ನನ್ನ ಕಡೆ ತಿರುಗಿ, “ಇದ್ರಿಂದ ಏನಾದ್ರೂ ಆಗ್ತದಾ ಮಾಷ್ಟ್ರೇ?” ಎಂದರು. ಆ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ಕೊಟ್ಟ ಮೇಲೆ ಕೇಳಿದ ಪ್ರಶ್ನೆಯಾದುದರಿಂದ ಅದಕ್ಕೆ ಒಂದು ವಿಧವಾದ ಗೌರವವೂ ಇತ್ತು. ಆ ಹೊತ್ತಿಗೆ ನಾನು ತೃಪ್ತಿಕರವಾದ ಉತ್ತರವನ್ನು ಕೊಡಲಾರದೆ ಹೋದೆನು.

ಕುಣಿಯುವವರು, ಹಾಡುವವರು, ತೆರೆಯ ಮೇಲೆ ಮೆರೆಯುವವರು ತಮ್ಮ ಕಲೆಯ ಮೂಲಕವಾಗಿಯೋ ಕೀರ್ತಿಯ ಮೂಲಕವಾಗಿಯೋ ದೀನರಿಗೆ ನೆರವಾಗಹೊರಟಾಗ, ಆ ನೆರವು ದೀನನ ಬಾಳಿನಲ್ಲಿ ನೆಲೆಯೂರುವುದೋ, ಅಥವಾ ಕೊಟ್ಟವನ ಯಶಸ್ಸಿಗೆ ಇನ್ನೊಂದು ಆಭರಣವಾಗಿ ಮಾತ್ರ ಉಳಿಯುವುದೋ ಎಂಬ ಸಂಶಯ ನಮ್ಮಲ್ಲಿ ಹಲವರಿಗೆ ಇದೆ. ಸಂಶಯಕ್ಕೆ ಕಾರಣಗಳೂ ಇವೆ. ಬಹಳ ವರ್ಷಗಳ ಹಿಂದೆ ನಮ್ಮ ಪರಿಸರದ ಒಂದು ಶಾಲೆಯ ಕಟ್ಟಡಕ್ಕಾಗಿ ಸಹಾಯಾರ್ಥ ರಸಮಂಜರಿಯೊಂದನ್ನು ಏರ್ಪಡಿಸಿದಾಗ ಟಿಕೇಟು ಮಾರಿದವರಲ್ಲಿ ನಾನೂ ಒಬ್ಬನು. ಹೆಸರಾಂತ ಗಾಯಕರು ಬಂದರು. ಗದ್ದೆಯ ತುಂಬ ಜನ ನೆರೆದರು. ಶಾಮಿಯಾನ, ಧ್ವನಿವರ್ಧಕ, ವಾದ್ಯದವರ ಸಂಭಾವನೆ, ವಸತಿ, ವಾಹನಗಳ ಬಾಬ್ತನ್ನೆಲ್ಲ ಸಲ್ಲಿಸಿದ ಮೇಲೆ ಕೈಯಲ್ಲುಳಿದ ಹಣದಿಂದ ಒಂದು ಕೋಣೆಯ ಕಿಟಕಿ ಬಾಗಿಲುಗಳು ಮಾತ್ರ ಆದುವು. ಗಾಯಕರು ಸಜ್ಜನರೇ, ಏರ್ಪಾಡು ಮಾಡಿದವರೂ ಪ್ರಾಮಾಣಿಕರೇ. ಆದರೆ ಆ ಒಂದು ರಾತ್ರಿಗೆ ಹಿಂದೆಯೂ ಮುಂದೆಯೂ ಏನೂ ಇರಲಿಲ್ಲ. ಮರುವರ್ಷ ಯಾರೂ ಆ ಶಾಲೆಯ ಕಡೆಗೆ ಬರಲಿಲ್ಲ. ಆ ಕಿಟಕಿಗಳನ್ನು ನೋಡಿದಾಗಲೆಲ್ಲ ನನಗೆ ಆ ರಾತ್ರಿಯ ಚಪ್ಪಾಳೆಗಿಂತ ಹೆಚ್ಚಾಗಿ ಅದರ ಒಂಟಿತನವೇ ನೆನಪಾಗುತ್ತಿತ್ತು.

ಇದಕ್ಕೆ ತೀರ ಬೇರೆಯಾದ ಒಂದು ದೃಷ್ಟಾಂತವು ನಮ್ಮಿಂದ ಬಹಳ ದೂರವಲ್ಲದ ಕಟಪಾಡಿಯಲ್ಲಿ ಹುಟ್ಟಿತು. ರವಿ ಕಟಪಾಡಿಯವರು ಕಟ್ಟಡ ಕಾರ್ಮಿಕರು, ದಿನಗೂಲಿಯಿಂದ ಬದುಕುವವರು. ಅಷ್ಟಮಿಗೆ ವೇಷ ಹಾಕುವುದು ಉಡುಪಿ ಸೀಮೆಯ ಪುರಾತನ ಪದ್ಧತಿ. ಹುಲಿವೇಷವಂತೂ ಈ ಮಣ್ಣಿನ ಗುರುತೇ ಆಗಿದೆ. ಮಗುವಿಗೆ ಸೌಖ್ಯವಾದರೆ ವೇಷ ಹಾಕಿಸುವೆನೆಂದು ಹರಕೆ ಹೊರುವ ತಾಯಂದಿರು ಇಂದಿಗೂ ಇದ್ದಾರೆ. ರವಿಯವರು ಮಾಡಿದ್ದೇನೆಂದರೆ, ಆ ಹರಕೆಯ ದಿಕ್ಕನ್ನು ತಿರುಗಿಸಿದರು: ಸೌಖ್ಯವಾದ ಮೇಲೆ ಹಾಕಬೇಕಾದ ವೇಷವನ್ನು ಸೌಖ್ಯವಾಗುವುದಕ್ಕಾಗಿಯೇ, ಅದೂ ಪರರ ಮಕ್ಕಳ ಸೌಖ್ಯಕ್ಕಾಗಿ, ಹಾಕಿದರು. ಪಾಶ್ಚಾತ್ಯ ಚಲಚ್ಚಿತ್ರಗಳ ವಿಚಿತ್ರ ಪ್ರಾಣಿಗಳಂಥ ರೂಪಗಳನ್ನು ಆಯ್ದುಕೊಂಡು, ಗಂಟೆಗಟ್ಟಲೆ ಅಲುಗದೆ ಕುಳಿತು ಮೈಮುಖಗಳಿಗೆ ಬಣ್ಣ ಲೇಪಿಸಿಕೊಂಡು, ಆ ಅಂಟು ಮುಖದ ಮೇಲಿರುವಷ್ಟು ಕಾಲ ಸರಿಯಾಗಿ ಉಣ್ಣಲೂ ಆಗದೆ ನಿದ್ರಿಸಲೂ ಆಗದೆ, ಶ್ರಾವಣದ ಮಳೆಬಿಸಿಲುಗಳಲ್ಲಿ ಊರೂರು ತಿರುಗಿ ಸಂಗ್ರಹಿಸಿದ ಹಣವನ್ನು ಅವರೂ ಅವರ ಮಿತ್ರಮಂಡಲಿಯೂ ರೋಗಪೀಡಿತ ಮಕ್ಕಳ ಚಿಕಿತ್ಸೆಗೆ ಒಪ್ಪಿಸಿದರು. ಇದು ಒಂದು ಅಷ್ಟಮಿಗೆ ಮುಗಿಯಲಿಲ್ಲ. ಮುಂದಿನ ಅಷ್ಟಮಿಗೂ ಬಂದರು, ಅದರ ಮುಂದಿನದಕ್ಕೂ ಬಂದರು. ಹೀಗೆ ವರ್ಷವರ್ಷವೂ ಕೂಡಿದ ಮೊತ್ತವು ಹತ್ತು ವರ್ಷಗಳು ತುಂಬುವುದರೊಳಗೆ 1 ಕೋಟಿ ರೂಪಾಯಿಯನ್ನು ಮೀರಿತು. ಅಮಿತಾಭ್ ಬಚ್ಚನ್ ಅವರು ನಡೆಸುವ ‘ಕೌನ್ ಬನೇಗಾ ಕರೋಡ್‌ಪತಿ’ಯ ವೇದಿಕೆಯು ಅವರನ್ನು ಕರೆದದ್ದು ಈ ಸೇವೆ ಕೆಲವು ವರ್ಷ ನಡೆದ ಮೇಲಿನ ಮಾತು. ಅನ್ಯತ್ರ ಖ್ಯಾತಿಯು ಮೊದಲು ಬಂದು ದಾನವು ಅದನ್ನು ಹಿಂಬಾಲಿಸುತ್ತದೆ. ಕಟಪಾಡಿಯಲ್ಲಿ ದಾನವೇ ಮುಂದಾಗಿ ನಡೆದು, ಖ್ಯಾತಿಯು ಅದರ ಬೆನ್ನುಹತ್ತಿ ಬಂತು.

ಆ ಮೊತ್ತವನ್ನು ಯೋಚಿಸುವಾಗ ನನಗೆ ಇದೇ ನೆಲದ ಇನ್ನೊಂದು ವಿಷಯ ನೆನಪಿಗೆ ಬರುತ್ತದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿದಾಗ, ಅದರ ಏಜೆಂಟನು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಬೇಡವೆನ್ನದೆ ಬರೆದುಕೊಂಡು ಒಯ್ಯುತ್ತಿದ್ದನು. ಎರಡಾಣೆಗೆ ಬೆಲೆಯನ್ನು ತಂದುಕೊಟ್ಟದ್ದು ಅವನು ಮರುದಿನವೂ ಬರುವನೆಂಬ ನಂಬಿಕೆ. ಬೀಡಿ ಕಟ್ಟುವವರೂ ಮೀನು ಮಾರುವವರೂ ಅಂಥ ನಂಬಿಕೆಯಿಂದಲೇ ಹೆಣ್ಣುಮಕ್ಕಳ ಮದುವೆಯನ್ನೂ ಮನೆಯ ಮಾಡನ್ನೂ ಮಾಡಿಕೊಂಡರು. ಅಷ್ಟಮಿಯ ಪೆಟ್ಟಿಗೆಯಲ್ಲಿಯೂ ಇದೇ ಗುಟ್ಟಿದೆ ಎಂಬುದು ನನ್ನ ಅಭಿಪ್ರಾಯ. ಹತ್ತು ರೂಪಾಯಿ ಹಾಕುವವನು ವೇಷಧಾರಿಯ ಕೀರ್ತಿಗೆ ಮರುಳಾಗಿ ಹಾಕುವುದಿಲ್ಲ. ಹೋದ ವರ್ಷ ಬಂದವನು ಈ ವರ್ಷವೂ ಬಂದಿದ್ದಾನೆ, ಹೋದ ವರ್ಷದ ಹಣ ಯಾವ ಮಗುವಿಗೆ ಸಂದಿತೆಂಬುದು ಊರಿಗೆ ಗೊತ್ತಿದೆ ಎಂದು ಹಾಕುತ್ತಾನೆ. ಕಲಾವಿದನ ಕೀರ್ತಿ ಏರಬಹುದು, ಇಳಿಯಬಹುದು. ಅಷ್ಟಮಿಯಾದರೋ ಪಂಚಾಂಗದಲ್ಲಿ ಬರೆದದ್ದು.

ಪಂಚಾಂಗದ ಮಾತು ಬಂದುದರಿಂದ ಪತ್ತನಾಜೆಯನ್ನೂ ಹೇಳಬೇಕು. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ ತಿಂಗಳ ಕೊನೆಯ ವಾರದ ಸುಮಾರಿಗೆ, ನಮ್ಮ ಯಕ್ಷಗಾನ ಮೇಳಗಳ ಕಲಾವಿದರು ಗೆಜ್ಜೆ ಬಿಚ್ಚುತ್ತಾರೆ. ಅಲ್ಲಿಂದ ಮೇಳವು ಮತ್ತೆ ಹೊರಡುವವರೆಗೆ, ಮುಂಗಾರಿನ ಉದ್ದದ ತಿಂಗಳುಗಳಲ್ಲಿ, ಆರು ತಿಂಗಳ ಕಾಲ ರಾತ್ರಿಯಿಡೀ ದೇವೇಂದ್ರನೂ ದುರ್ಯೋಧನನೂ ಆಗಿ ಮೆರೆದವನ ಮನೆಯ ಒಲೆ ಹೇಗೆ ಉರಿಯುವುದೆಂದು ಆಟ ನೋಡಿ ಬಂದ ನಮ್ಮಲ್ಲಿ ಎಷ್ಟು ಮಂದಿ ಯೋಚಿಸಿದ್ದೇವೆ? ಕೆಲವರು ಮಳೆಗಾಲದ ಚಿಕ್ಕ ತಿರುಗಾಟಗಳಿಗೆ ಹೋಗುತ್ತಾರೆ, ಕೆಲವರು ಗದ್ದೆಗಿಳಿಯುತ್ತಾರೆ, ಕೆಲವರು ಹೋಟೆಲು ಸೇರುತ್ತಾರೆ. ನಿದ್ದೆಗೆಟ್ಟ ದೇಹವು ನಡುವಯಸ್ಸಿನಲ್ಲಿಯೇ ಮುರಿದುಬಿದ್ದರೆ ನಿವೃತ್ತಿವೇತನವೆಂಬುದಿಲ್ಲ. ಈ ದುಃಖವನ್ನು ಹೊರಗಿನವರಿಗಿಂತ ಒಳಗಿನವನೇ ಚೆನ್ನಾಗಿ ಬಲ್ಲನು. ತೆಂಕುತಿಟ್ಟಿನ ಭಾಗವತ ಪಟ್ಲ ಸತೀಶ್ ಶೆಟ್ಟಿಯವರ ಹೆಸರಿನಲ್ಲಿ 2015ರಲ್ಲಿ ಯಕ್ಷಧ್ರುವ ಪಟ್ಲ ಫೌಂಡೇಶನ್ ಹುಟ್ಟಿದಾಗ, ಅವರ ಪದ್ಯವನ್ನು ಕೇಳುವುದಕ್ಕಾಗಿಯೇ ಹತ್ತಾರು ಮೈಲಿ ಬರುತ್ತಿದ್ದ ಅಭಿಮಾನಿವರ್ಗವು, ಮುಂಬಯಿ ಮತ್ತು ಕೊಲ್ಲಿರಾಷ್ಟ್ರಗಳ ಬಂಧುಗಳನ್ನೂ ಕೂಡಿಕೊಂಡು, ಆ ಅಭಿಮಾನವನ್ನು ಅಶಕ್ತ ಕಲಾವಿದರ ಮನೆ, ವಿಮೆ, ಔಷಧೋಪಚಾರಗಳನ್ನಾಗಿ ಪರಿವರ್ತಿಸಿತು. ಒಬ್ಬ ಭಾಗವತನ ಕಂಠದ ಮೇಲಿನ ಮೋಹವು, ಅವನ ಪದ್ಯಕ್ಕೆ ಕುಣಿದ ಇನ್ನೊಬ್ಬ ವೇಷಧಾರಿಯ ಮನೆಗೆ ಹಂಚಾಗಿ ಹೊದೆದುದನ್ನು ಕಂಡವರು ಕೀರ್ತಿಯನ್ನು ಬರಿಯ ಗಾಳಿಯೆಂದು ಹೇಳಲಾರರು.

ಇದಕ್ಕಿಂತಲೂ ಹಿಂದಿನದು, ಇದಕ್ಕಿಂತಲೂ ಮೌನವಾದದ್ದು ಉಡುಪಿಯ ಯಕ್ಷಗಾನ ಕಲಾರಂಗ. 1975ರಲ್ಲಿ ಹುಟ್ಟಿದ ಈ ಸಂಸ್ಥೆಯ ಮುಂದಾಳುಗಳು ತಾರೆಗಳಲ್ಲ, ಹೆಚ್ಚಿನವರು ಕಲಾಭಿಮಾನಿಗಳು. ಕಲಾವಿದರ ಕ್ಷೇಮಕ್ಕೆ ದುಡಿಯುತ್ತ ಬಂದ ಇವರು 2005ರಲ್ಲಿ ವಿದ್ಯಾಪೋಷಕ್ ಎಂಬ ಯೋಜನೆಯನ್ನು ತೊಡಗಿ, ಬಡ ವಿದ್ಯಾರ್ಥಿಗಳ ಮನೆಗೆ ಸ್ವತಃ ಹೋಗಿ, ಮನೆಯ ಸ್ಥಿತಿಯನ್ನು ಕಣ್ಣಾರೆ ಕಂಡು, ಒಂದು ವರ್ಷಕ್ಕೆ ಕೈಬಿಡದೆ ಓದು ಮುಗಿಯುವ ತನಕ ಜೊತೆಗೆ ನಿಲ್ಲುತ್ತಾರೆ. ಕುಳಿತು ಓದಲು ಸೂರಿಲ್ಲದವರಿಗೆ ದಾನಿಗಳಿಂದ ಮನೆಯನ್ನೂ ಕಟ್ಟಿಸಿಕೊಡುತ್ತಾರೆ. ಮನೆಗೆ ಹೋಗಿ ನೋಡುವುದೆಂಬ ಈ ಕ್ರಮವು ನನಗೆ ಹಣಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮೇಷ್ಟರಾಗಿದ್ದ ನಾನೇ ನನ್ನ ಎಷ್ಟು ಶಿಷ್ಯರ ಮನೆಯ ಮೆಟ್ಟಿಲು ಹತ್ತಿದ್ದೇನೆಂದು ಎಣಿಸಿಕೊಂಡರೆ ವ್ಯಥೆಯಾಗುತ್ತದೆ.

ಸಿನಿಮಾ ತಾರೆಯರ ವಿಷಯಕ್ಕೆ ಬಂದರೆ, ಅಲ್ಲಿಯೂ ನನ್ನ ಮನಸ್ಸು ಇದೇ ಒರೆಗಲ್ಲನ್ನು ಹುಡುಕುತ್ತದೆ. 1994ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ರಾಜಕುಮಾರ್ ಅವರ ಹೆಸರಿನ ನೇತ್ರಭಂಡಾರವು ತೆರೆದಾಗ ಅವರು ತಮ್ಮ ಕಣ್ಣುಗಳನ್ನು ದಾನವಾಗಿ ಬರೆದುಕೊಟ್ಟರು. 2006ರ ಏಪ್ರಿಲ್ 12ರಂದು ಅವರು ಕಾಲವಶರಾದಾಗ, ನಾಡೆಲ್ಲ ಶೋಕಕ್ಷೋಭೆಗಳಲ್ಲಿ ಮುಳುಗಿದ್ದ ಹೊತ್ತಿನಲ್ಲಿಯೂ, ಆ ಮಾತು ನಡೆಯಿತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ ಅವರು ನಲವತ್ತಾರರ ಪ್ರಾಯದಲ್ಲಿ ಅಗಲಿದಾಗ ಅದೇ ಮಾತು ಎರಡನೆಯ ತಲೆಮಾರಿನಲ್ಲಿ ನಡೆಯಿತು. ಅವರ ಎರಡು ಕಣ್ಣುಗಳ ಕಾರ್ನಿಯಾ ಎಂಬ ತಿಳಿಪಟಲಗಳನ್ನು ಮುಂದಿನ ಪದರ, ಹಿಂದಿನ ಪದರಗಳಾಗಿ ಬೇರ್ಪಡಿಸಿ, ಯಾರಿಗೆ ಯಾವ ಪದರ ಕೆಟ್ಟಿತ್ತೋ ಅವರಿಗೆ ಅದನ್ನು ಜೋಡಿಸಿ, ವೈದ್ಯರು ನಾಲ್ವರಿಗೆ ದೃಷ್ಟಿಯನ್ನು ಮರಳಿಸಿದರು. ಆ ಬಳಿಕ ನೇತ್ರದಾನಕ್ಕೆ ಹೆಸರು ಬರೆಸಲು ನಾಡಿನಾದ್ಯಂತ ಜನ ಸಾಲುಗಟ್ಟಿದರು. ಮರಣಾನಂತರ ಆರು ಗಂಟೆಗಳೊಳಗೆ ಕಣ್ಣನ್ನು ತೆಗೆಯಬೇಕು, ಕನ್ನಡಕ ಧರಿಸುವವರೂ ವೃದ್ಧರೂ ಕೊಡಬಹುದು ಎಂಬ ಸಾಮಾನ್ಯ ಜ್ಞಾನವನ್ನು ಎಷ್ಟೋ ಭಾಷಣಗಳು, ಎಷ್ಟೋ ಭಿತ್ತಿಪತ್ರಗಳು ಮನೆಮನೆಗೆ ಮುಟ್ಟಿಸಲಾರದೆ ಹೋದುವು. ಒಂದು ಸಾವು ಅದನ್ನು ಮುಟ್ಟಿಸಿತು. ಅವರ ದಾನಗಳ ಬಗೆಗೆ ಆ ದಿನಗಳಲ್ಲಿ ಹರಿದಾಡಿದ ನಾನಾ ಲೆಕ್ಕಗಳನ್ನೆಲ್ಲ ಬದಿಗಿಟ್ಟು ಈ ನಾಲ್ವರನ್ನು ಮಾತ್ರ ನೆನೆದರೂ ನನಗೆ ಸಾಕು. ಮೈಸೂರಿನ ಶಕ್ತಿಧಾಮವೂ ಇದೇ ಜಾತಿಯದು. ಪೋಲೀಸು ಅಧಿಕಾರಿ ಕೆಂಪಯ್ಯನವರ ಸಂಕಲ್ಪಕ್ಕೆ ಪಾರ್ವತಮ್ಮ ರಾಜಕುಮಾರ್ ಅವರು ಹೆಗಲು ಕೊಟ್ಟು ಬೆಳೆಸಿದ, ನೊಂದ ಮಹಿಳೆಯರ ಆ ಆಶ್ರಯಸ್ಥಾನವು 2017ರಲ್ಲಿ ಪಾರ್ವತಮ್ಮನವರು ತೀರಿಕೊಂಡ ಮೇಲೂ ನಿಲ್ಲಲಿಲ್ಲ. ನಟ ಯಶ್ ಅವರ ಯಶೋಮಾರ್ಗವು ಕೊಪ್ಪಳ ಜಿಲ್ಲೆಯ ತಲ್ಲೂರು ಕೆರೆಯ ಹೂಳೆತ್ತಿಸಿದ್ದನ್ನೂ ಇಲ್ಲಿಯೇ ಹೇಳಬೇಕು: ಕೆರೆಯೂ ಮಳೆಗಾಲದೊಡನೆ ಮರಳಿ ತುಂಬುವ ವಸ್ತು.

ಹಣವು ಬಂದರೂ ದಾರಿ ಮೊದಲೇ ಕಟ್ಟಿರದಿದ್ದರೆ ಏನಾಗುವುದೆಂಬುದಕ್ಕೆ ಪ್ರಪಂಚದಲ್ಲಿ ಪ್ರಸಿದ್ಧವಾದ ಉದಾಹರಣೆಯಿದೆ. ಪಂಡಿತ ರವಿಶಂಕರರ ಕೋರಿಕೆಯ ಮೇರೆಗೆ ಜಾರ್ಜ್ ಹ್ಯಾರಿಸನ್ ಅವರು 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ನಡೆಸಿದ ಕಛೇರಿಯಲ್ಲಿ ಕೂಡಿದ ಸುಮಾರು 2,43,000 ಡಾಲರುಗಳು ಯುನಿಸೆಫ್ ಸಂಸ್ಥೆಗೆ ಬೇಗನೆ ಸಂದುವು. ಆದರೆ ಧ್ವನಿಮುದ್ರಿಕೆಯಿಂದಲೂ ಚಿತ್ರದಿಂದಲೂ ಬಂದ, ಅದಕ್ಕಿಂತ ಎಷ್ಟೋ ದೊಡ್ಡದಾದ ಆದಾಯವು, ತೆರಿಗೆ ವಿನಾಯಿತಿಯ ಏರ್ಪಾಡನ್ನು ಮುಂಚಿತವಾಗಿ ಮಾಡಿರದ ಕಾರಣ, ವರ್ಷಾನುಗಟ್ಟಲೆ ಅಮೆರಿಕದ ತೆರಿಗೆ ಇಲಾಖೆಯಲ್ಲಿ ಸಿಲುಕಿಕೊಂಡಿತು. ಅಷ್ಟರಲ್ಲಿ ಯಾವ ಹಸಿವಿಗಾಗಿ ಹಾಡಿದ್ದರೋ ಆ ಹಸಿವು ತನ್ನ ಬಲಿಯನ್ನು ತೆಗೆದುಕೊಂಡಿತ್ತು. ಇದಕ್ಕೆ ಪ್ರತಿಯಾಗಿ ಎಂ. ಎಸ್. ಸುಬ್ಬುಲಕ್ಷ್ಮಿಯವರನ್ನು ನೆನೆಯಿರಿ. 1944ರಲ್ಲಿ ಕಸ್ತೂರಬಾ ಸ್ಮಾರಕ ನಿಧಿಗಾಗಿ ಐದು ಕಛೇರಿಗಳನ್ನು ನಡೆಸಿಕೊಟ್ಟಂದಿನಿಂದ ಜೀವಮಾನದುದ್ದಕ್ಕೂ ಅವರು ಪರಾರ್ಥವಾಗಿ ಹಾಡುತ್ತಲೇ ಬಂದರು. 1974ರಲ್ಲಿ ಅವರಿಗೆ ದೊರೆತ ಮ್ಯಾಗ್ಸೆಸೆ ಪ್ರಶಸ್ತಿಯು ಸಾರ್ವಜನಿಕ ಸೇವೆಗಾಗಿ ಬಂದದ್ದು. ಬೆಳಗಿನ ಜಾವದಲ್ಲಿ ಮನೆಮನೆಯಲ್ಲಿ ಮೊಳಗುವ ಅವರ ಸುಪ್ರಭಾತದ ರಾಯಧನವು ತಿರುಪತಿಯ ವೇದಪಾಠಶಾಲೆಗೆ ಹೋಗುವಂತೆ ಅವರು ಏರ್ಪಾಡು ಮಾಡಿದ್ದರು.

ಇಷ್ಟೆಲ್ಲ ಹೇಳಿದ ಮೇಲೂ ನನ್ನನ್ನು ಕಾಡುವ ಎರಡು ಸಂಗತಿಗಳಿವೆ. ಒಂದು, ಪೆಟ್ಟಿಗೆಯ ಮೇಲಿನ ಆ ಮಗುವಿನ ಮುಖ. ನಾಲ್ಕು ರಸ್ತೆ ಕೂಡುವಲ್ಲಿ ಫ್ಲೆಕ್ಸಿನ ಮೇಲೆ, ಮೂಗಿಗೆ ನಳಿಗೆ ಹಾಕಿಕೊಂಡ ಸ್ಥಿತಿಯಲ್ಲಿ, ಪಕ್ಕದಲ್ಲಿ ದಾನಿಗಳ ನಗುಮುಖಗಳ ನಡುವೆ ಕಾಣಿಸಿಕೊಂಡ ಮಗುವು, ದೇವರ ದಯದಿಂದ ಗುಣವಾಗಿ ಬೆಳೆದು ಶಾಲೆಗೆ ಹೋಗುವಾಗ, ಊರು ಅದನ್ನು ಯಾವ ಹೆಸರಿನಿಂದ ಗುರುತಿಸೀತು? ಮುಖವಿಲ್ಲದೆ ಹಣ ಕೂಡುವುದಿಲ್ಲವೆನ್ನುತ್ತಾರೆ. ಆ ಮಾತು ನಮ್ಮ ಕೊಡುಗೈಗೇ ಕುಂದು. ವೇಷಧಾರಿಯು ತನ್ನ ಮುಖವನ್ನು ಬಣ್ಣದಡಿಯಲ್ಲಿ ಮರೆಸಿಕೊಂಡು ದುಡಿಯುತ್ತಿರುವಾಗ ಮಗುವಿನ ಮುಖವನ್ನು ಬಯಲಿಗಿಡುವುದು ನನಗೆ ಸರಿಕಾಣುವುದಿಲ್ಲ.

ಎರಡನೆಯದು, ವೇಷಕ್ಕೆ ಈ ಹೊರೆ ಬಿದ್ದುದೇಕೆ ಎಂಬುದು. 2018ರಿಂದ ನಡೆದುಬಂದಿರುವ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ಆಶ್ವಾಸನೆಯುಂಟು. ಆದರೆ ಮಣಿಪಾಲದ ವಾರ್ಡಿನ ಹೊರಗೆ ತಿಂಗಳುಗಟ್ಟಲೆ ಕಾಯುವ ತಂದೆಯ ಕೂಲಿ, ಕೋಣೆಯ ಬಾಡಿಗೆ, ಹೋಗಿಬರುವ ಬಸ್ಸಿನ ಖರ್ಚು, ಮನೆಯಲ್ಲಿ ಬಿಟ್ಟುಬಂದ ಇನ್ನೊಂದು ಮಗುವಿನ ಊಟ ಯಾವ ಕಾರ್ಡಿನಲ್ಲಿಯೂ ಬರೆದಿರುವುದಿಲ್ಲ. ಅಪರೂಪದ ಕಾಯಿಲೆಗಳಿಗಂತೂ 5 ಲಕ್ಷವು ಮೊದಲ ಮೆಟ್ಟಿಲು. ಆ ಅಂತರದಲ್ಲಿ ನಿಂತಿರುವುದು ಒಬ್ಬ ಗಾರೆಕೆಲಸದವನ ಎರಡು ದಿನಗಳ ಉಪವಾಸ. ಅದಕ್ಕೆ ಕೈಮುಗಿಯುತ್ತೇನೆ, ಮುಗಿಯುವಾಗ ಸರಕಾರದ ಮೇಲೆಯೂ, ನಮ್ಮೆಲ್ಲರ ಮೇಲೆಯೂ ಸಿಟ್ಟು ಬರುತ್ತದೆ.

ಕಟಪಾಡಿಯ ಮಾದರಿಯನ್ನು ನೋಡಿ ಈಗ ಅಲ್ಲಲ್ಲಿ ಹುಡುಗರ ತಂಡಗಳು ಹುಟ್ಟಿಕೊಂಡಿವೆ. ಬೆಳ್ಮಣ್ಣಿಗೆ ಬಂದವರೂ ಅಂಥವರೇ. ಮರುವರ್ಷ ಅವರು ಬರುವರೋ ಇಲ್ಲವೋ ಎಂದು ನಾನು ಕುತೂಹಲದಿಂದಲೇ ಕಾದಿದ್ದೆನು. ವಿಟ್ಲಪಿಂಡಿಯ ಅಪರಾಹ್ಣ ಅದೇ ಜಗಲಿಯಲ್ಲಿ ಕುಳಿತಿದ್ದಾಗ ತಾಸೆಯ ಸದ್ದು ಕೇಳಿಸಿತು. ವೇಷ ಬೇರೆ, ಪೆಟ್ಟಿಗೆ ಅದೇ. ಅಂಗಡಿಯ ಯಜಮಾನರು ಗಲ್ಲಾಪೆಟ್ಟಿಗೆಗೆ ಕೈ ಹಾಕಲಿಲ್ಲ; ಬೆಳಿಗ್ಗೆಯೇ ಮಡಿಸಿ ತಕ್ಕಡಿಯ ಕೆಳಗೆ ಇಟ್ಟಿದ್ದ ನೂರರ ನೋಟನ್ನು ತೆಗೆದರು. ಹಾಕುವ ಮುಂಚೆ ಪೆಟ್ಟಿಗೆ ಹಿಡಿದ ಹುಡುಗನನ್ನು ತಡೆದು ಕೇಳಿದರು:

“ಹೋದ ಸಲದ ಮಗು ಈಗ ಹೇಗುಂಟು ಮಾರಾಯ? ನಡೀತದಾ?”