ನಿಮಗಿದು ಗೊತ್ತೆ? ಮೈಯೆಲ್ಲಾ ನೋವಿಗೆ ಗುಳಿಗೆಗಿಂತ ಮೊದಲು ನಡಿಗೆ

ಯಾದಗಿರಿ, ಶಹಾಪುರ, ಸುರಪುರದ ಕಡೆ ಮೈಕೈ ನೋವು ತಿಂಗಳುಗಟ್ಟಲೆ ಬಿಡದಿದ್ದರೆ ಮೊದಲು ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಬೇಕು. ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಿದೆ. ಲೀಟರಿಗೆ 1.5 ಮಿಲಿಗ್ರಾಂಗಿಂತ ಬಹಳ ಹೆಚ್ಚು ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಕೀಲು, ಬೆನ್ನು ಬಿಗಿಯುತ್ತವೆ. ಫ್ಲೋರೋಸಿಸ್ ಎಂಬ ಈ ಕಾಯಿಲೆ ಬಲಿತಾಗ ಎಕ್ಸ್‌ರೇಯಲ್ಲಿ ಕಾಣುತ್ತದೆ.

ಮೈಯೆಲ್ಲಾ ನೋಯಿಸುವ ಇನ್ನೊಂದು ಕಾಯಿಲೆ ಫೈಬ್ರೊಮಯಾಲ್ಜಿಯಾ ಹಾಗಲ್ಲ. ಎಕ್ಸ್‌ರೇ, ರಕ್ತಪರೀಕ್ಷೆ ಎಲ್ಲ ಸರಿಯಿದ್ದರೂ ಮೂರು ತಿಂಗಳಿಗೂ ಮೀರಿ ಮೈತುಂಬ ನೋವು, ಮಲಗಿ ಎದ್ದರೂ ದಣಿವು, ಮರೆವು. ಮಿದುಳು, ನರಗಳು ನೋವನ್ನು ಹಿಗ್ಗಿಸಿ ಗ್ರಹಿಸುವುದೇ ಇದರ ಮೂಲ ಎಂಬುದು ಇಂದಿನ ತಿಳಿವಳಿಕೆ. ಹೆಂಗಸರಲ್ಲಿ ಹೆಚ್ಚು. ವರದಿ ಸರಿಯಿದೆ ಎಂದು ಅವರ ನೋವನ್ನು ನೆಪ ಅನ್ನುವುದು ದೊಡ್ಡ ಅನ್ಯಾಯ.

ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ 2016ರಲ್ಲಿ ಈ ಕಾಯಿಲೆಯ ಚಿಕಿತ್ಸೆಗಳನ್ನೆಲ್ಲ ಅಳೆದು ನೋಡಿದಾಗ ಬಲವಾದ ಶಿಫಾರಸು ಸಿಕ್ಕಿದ್ದು ಒಂದಕ್ಕೇ: ವ್ಯಾಯಾಮ. ಹತ್ತಿ ಬಿಡಿಸುವ, ನಾಟಿ ಮಾಡುವ ದುಡಿಮೆ ಅದಕ್ಕೆ ಸಮವಲ್ಲ. ಅಲ್ಲಿ ಬಾಗಿದ ಬೆನ್ನಿಗೆ ಬಿಡುವೇ ಇಲ್ಲ. ದಿನಕ್ಕೆ ಹತ್ತು ನಿಮಿಷದ ನಡಿಗೆಯಿಂದ ಶುರುಮಾಡಿ, ವಾರವಾರ ನಿಧಾನವಾಗಿ ಏರಿಸಬೇಕು. ಮೊದಮೊದಲು ನೋವು ತುಸು ಹೆಚ್ಚಾದರೂ ಬಿಡಬಾರದು. ಯೋಗ, ಮನೋಚಿಕಿತ್ಸೆಯಿಂದಲೂ ಕೆಲವರಿಗೆ ಗುಣ ಕಂಡಿದೆ.

ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್, ಪ್ರಿಗ್ಯಾಬಲಿನ್ ಕೆಲವರಿಗೆ ನೆರವಾಗುತ್ತವೆ. ವೈದ್ಯರ ಚೀಟಿಯಿಲ್ಲದೆ ಬೇಡ. ಸ್ಟಿರಾಯ್ಡ್ ಸೂಜಿಯಿಂದ ಈ ಕಾಯಿಲೆಗೆ ಪ್ರಯೋಜನವಿಲ್ಲ, ಪದೇಪದೇ ಹಾಕಿಸಿಕೊಂಡರೆ ಸಕ್ಕರೆ ಏರಿ ಮೂಳೆ ಸವೆಯುತ್ತದೆ. ಥೈರಾಯ್ಡ್ ಮತ್ತು ವಿಟಮಿನ್ ಡಿ ಕೊರತೆಯಿಂದಲೂ ಇಂಥದೇ ನೋವು ಬರುವುದರಿಂದ ಅವನ್ನೂ ಪರೀಕ್ಷಿಸಲು ವೈದ್ಯರನ್ನು ಕೇಳಿ.