ಬಣ್ಣ ಬರೋದು ಕೊನೆಗೆ

ಪ್ರತಿ ರಾತ್ರಿ ನಿಮ್ಮ ಮನೆಯ ಟಿವಿಯೊಳಗೆ ಬಂದು ಕೂರೋನು ನಾನು. ಆದ್ರೆ ಟಿವಿಯೊಳಗೆ ನಿಜವಾಗಿ ಏನಿರುತ್ತೆ ಅಂತ ಕೈಯಿಟ್ಟು ನೋಡಿದ್ದು ಇತ್ತೀಚೆಗೆ. ಇಂಜಿನಿಯರಿಂಗ್ ಓದಿದವನು ನಾನು. ಕಲರ್ ಟಿವಿಯ ಬ್ಲಾಕ್ ಡಯಾಗ್ರಾಂ ಬರೆದು ಪರೀಕ್ಷೆ ಪಾಸು ಮಾಡಿದ್ದೀನಿ. ಅದೇ ಟಿವಿ ಕೆಟ್ಟು ಎದುರಿಗೆ ಕೂತಾಗ ಸ್ಕ್ರೂ ಡ್ರೈವರ್ ಎಲ್ಲಿಂದ ಶುರು ಮಾಡ್ಬೇಕು ಅಂತ ಗೊತ್ತಾಗಲಿಲ್ಲ.

ವಿಷಯ ಏನಂದ್ರೆ, ತುಮಕೂರಿನ ನಮ್ಮ ಮನೆಯಲ್ಲಿ ಒಂದು ಹಳೇ ಕಲರ್ ಟಿವಿ ಇದೆ. 20 ಇಂಚಿನದ್ದು, ಮರದ ಡಬ್ಬ, ಎದುರಿಗೆ ಎಳೆಯೋ ಶಟರ್. ಕಂಪನಿ ಯಾವುದು ಅನ್ನೋದು ಬೇಡ ಬಿಡಿ. ಭಾರತದಲ್ಲಿ ದೂರದರ್ಶನಕ್ಕೆ ಬಣ್ಣ ಬಂದಿದ್ದು 1982ರಲ್ಲಿ. ಆ ವರ್ಷ ನವೆಂಬರಿನ ದೆಹಲಿ ಏಷ್ಯನ್ ಗೇಮ್ಸ್ ಹೊತ್ತಿಗೆ ದೇಶಕ್ಕೆಲ್ಲ ಕಲರ್ ಟಿವಿಯ ಹುಚ್ಚು ಹಿಡೀತು. ಹೈಸ್ಕೂಲ್ ಮೇಷ್ಟ್ರಾಗಿದ್ದ ನಮ್ಮಪ್ಪನಿಗೆ ಅದು ಕೈಗೆಟುಕಿದ್ದು 1987ರಲ್ಲಿ. ಜನವರಿಯಲ್ಲಿ ರಾಮಾಯಣ ಧಾರಾವಾಹಿ ಶುರುವಾಗಿತ್ತು. ಭಾನುವಾರ ಬೆಳಿಗ್ಗೆ ಅರ್ಧ ಬೀದಿ ನಮ್ಮ ನಡುಮನೆಯಲ್ಲಿ ಕೂರ್ತಿತ್ತಂತೆ. ನಾನಿನ್ನೂ ಹುಟ್ಟಿರಲಿಲ್ಲ. ಆ ಟಿವಿ ನನಗಿಂತ ದೊಡ್ಡದು.

ಹದಿನೈದು ವರ್ಷದಿಂದ ಅದರ ಮೇಲೆ ಬಟ್ಟೆ ಹೊದೆಸಿ, ಹೂದಾನಿ ಇಟ್ಟಿದ್ರು. ಗುಜರಿಯವನು ಮುನ್ನೂರು ರೂಪಾಯಿ ಕೊಡ್ತೀನಿ ಅಂದಾಗ ಅಪ್ಪ ಒಪ್ಪಲಿಲ್ಲ. "ಅದನ್ನ ಒಂದ್ಸಲ ಹಚ್ಚಿಕೊಡು. ನೀನು ಓದಿರೋದು ಅದೇ ತಾನೇ?" ಅಂದ್ರು. ಮಾತಿನಲ್ಲಿ ಚುಚ್ಚೋದು ಇತ್ತು. ಎರಡು ತಿಂಗಳಿಂದ ಅಪ್ಪ ನನ್ನ ಬುಲೆಟಿನ್ ನೋಡ್ತಿರಲಿಲ್ಲ. ಯಾಕೆ ಅಂತ ಆಮೇಲೆ ಹೇಳ್ತೀನಿ.

ನಾನು ಬಟ್ಟೆ ತೆಗೆದು, ಧೂಳು ಒರೆಸಿ, ಪ್ಲಗ್ ಹಾಕೋಕೆ ಹೋದೆ. "ಏ ಮರಿ, ನಿಲ್ಲು!" ಅಂತ ಕೂಗು ಕೇಳಿಸ್ತು. ನಮ್ಮ ಬೀದಿಯ ರೇಡಿಯೋ ಮಾಮ. ಎಪ್ಪತ್ತು ದಾಟಿದೆ, ಅಂಗಡಿ ಮುಚ್ಚಿ ಹತ್ತು ವರ್ಷ ಆಯ್ತು. ಅಪ್ಪನೇ ಹೇಳಿ ಕಳಿಸಿದ್ರು. ಅಂದ್ರೆ ಇಂಜಿನಿಯರ್ ಮಗನ ಮೇಲೆ ಅವರಿಗಿದ್ದ ನಂಬಿಕೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ!

ಯಾಕೆ ನಿಲ್ಲಿಸಿದ್ರು? ಇದು ನಿಮ್ಮ ಮನೆಯ ಹಳೇ ರೇಡಿಯೋಗೂ ಆಂಪ್ಲಿಫೈಯರ್‌ಗೂ ಅನ್ವಯಿಸುತ್ತೆ, ಕೇಳಿ. ಟಿವಿಯ ಪವರ್ ಸಪ್ಲೈಯಲ್ಲಿ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಅಂತ ಡಬ್ಬಿಗಳಿರುತ್ತವೆ. ಒಳಗೆ ಅಲ್ಯೂಮಿನಿಯಂ ಹಾಳೆ, ಅದರ ಮೇಲೆ ತೆಳುವಾದ ಆಕ್ಸೈಡ್ ಪದರ. ಆ ಪದರವೇ ಕರೆಂಟು ಸೋರದ ಹಾಗೆ ತಡೆಯೋದು. ವರ್ಷಗಟ್ಟಲೆ ಕರೆಂಟು ಕಾಣದೆ ಕೂತರೆ ಪದರ ಸವೆಯುತ್ತೆ, ಒಳಗಿನ ದ್ರಾವಣ ಒಣಗುತ್ತೆ. ಅಂಥದ್ದಕ್ಕೆ ಒಮ್ಮೆಲೇ ಮುನ್ನೂರು ವೋಲ್ಟ್ ಕೊಟ್ರೆ ಕಾದು ಸಿಡಿಯುತ್ತೆ. ಮಲಗಿದ್ದ ಮನುಷ್ಯನನ್ನ ಎಬ್ಬಿಸಿ ನೇರ ಓಟಕ್ಕೆ ಬಿಟ್ಟ ಹಾಗೆ.

ಮಾಮ ಹಿಂದಿನ ಮುಚ್ಚಳ ಬಿಚ್ಚಿದ್ರು. ಧೂಳು, ಜೇಡರ ಬಲೆ, ಹಲ್ಲಿ ಮೊಟ್ಟೆ. "ಮುಟ್ಟಬೇಡ" ಅಂದ್ರು ಮತ್ತೆ. ಪಿಕ್ಚರ್ ಟ್ಯೂಬಿನ ನೆತ್ತಿಯ ಹತ್ತಿರ ರಬ್ಬರ್ ಟೋಪಿ ಇದೆಯಲ್ಲ, ಟಿವಿ ಓಡುವಾಗ ಅಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ಸಾವಿರ ವೋಲ್ಟ್ ಇರುತ್ತೆ. ಗಾಜಿನ ಒಳಗೂ ಹೊರಗೂ ಕಪ್ಪು ಲೇಪ ಬಳಿದಿರೋದರಿಂದ ಟ್ಯೂಬೇ ಒಂದು ದೊಡ್ಡ ಕೆಪಾಸಿಟರ್ ಆಗಿ ಚಾರ್ಜ್ ಹಿಡಿದಿಟ್ಟುಕೊಳ್ಳುತ್ತೆ. ಪ್ಲಗ್ ತೆಗೆದ ಮೇಲೂ ಹೊಡೆಯುತ್ತೆ. ಮಾಮ ರೆಸಿಸ್ಟರ್ ಜೋಡಿಸಿದ ತಂತಿಯಿಂದ ಅದನ್ನ ಟ್ಯೂಬಿನ ಅರ್ಥ್‌ಗೆ ಇಳಿಸಿದ್ರು. ಒಂದು ಸಲ ಅಲ್ಲ, ಎರಡು ಸಲ. ದಯವಿಟ್ಟು ಕೇಳಿ, ಇದನ್ನೆಲ್ಲ ಓದಿ ಮನೇಲಿ ಟಿವಿ ಬಿಚ್ಚೋಕೆ ಹೋಗಬೇಡಿ. ಒಳಗೆ ಏನು ನಡೀತಿದೆ ಅಂತ ತಿಳಿಯಲಿ ಅಂತ ಹೇಳ್ತಿದ್ದೀನಿ, ಅಷ್ಟೆ.

"ಒಂದು ಕ್ರಮ ಇದೆ ಮರಿ. ಮೊದಲು ಕರೆಂಟು, ಆಮೇಲೆ ಬೆಳಕು, ಆಮೇಲೆ ಚಿತ್ರ. ಬಣ್ಣ ಕೊನೆಗೆ" ಅಂದ್ರು ಮಾಮ.

ಮೊದಲು ಕರೆಂಟು. ಫ್ಯೂಸ್ ನೋಡಿದ್ರೆ ಗಾಜಿನ ಒಳಗೆಲ್ಲ ಕಪ್ಪು. ಸುಮ್ಮನೆ ಹೋದ ಫ್ಯೂಸಿನ ಗಾಜು ಸ್ವಚ್ಛವಾಗಿರುತ್ತೆ. ಕಪ್ಪಾಗಿದ್ರೆ ಒಳಗೆಲ್ಲೋ ದೊಡ್ಡ ಶಾರ್ಟ್ ಆಗಿದೆ ಅಂತ ಅರ್ಥ. ಕಳ್ಳ ಸಿಕ್ಕಿದ್ದು ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಅದರ ಹೆಸರು ಪೊಸಿಸ್ಟರ್. ಹಳೇ ಕಲರ್ ಟಿವಿ ಆನ್ ಮಾಡಿದಾಗ 'ಝುಂಯ್' ಅಂತ ಒಂದು ಸದ್ದು ಬರ್ತಿತ್ತು, ನೆನಪಿದೆಯಾ? ಪರದೆಯ ಹಿಂದೆ ಲಕ್ಷಾಂತರ ತೂತಿರೋ ಲೋಹದ ಜರಡಿ ಇರುತ್ತೆ. ಮೂರು ಗನ್ನುಗಳಿಂದ ಬರೋ ಎಲೆಕ್ಟ್ರಾನ್‌ಗಳು ತಮ್ಮ ತಮ್ಮ ಬಣ್ಣದ ಚುಕ್ಕಿಗೇ ಬೀಳೋ ಹಾಗೆ ಮಾಡೋದು ಅದರ ಕೆಲಸ. ಜರಡಿಗೆ ಅಯಸ್ಕಾಂತ ಗುಣ ಅಂಟಿದ್ರೆ ಗುರಿ ತಪ್ಪುತ್ತೆ, ಪರದೆ ಮೇಲೆ ಬಣ್ಣದ ಕಲೆ ಬರುತ್ತೆ. ಅದನ್ನ ಕಳೆಯೋಕೆ ಟ್ಯೂಬಿನ ಸುತ್ತ ಒಂದು ಕಾಯಿಲ್ ಇಟ್ಟಿರ್ತಾರೆ. ಆನ್ ಆದ ಕ್ಷಣ ಅದರಲ್ಲಿ ಜೋರಾಗಿ ಕರೆಂಟು ಹರಿದು, ಪೊಸಿಸ್ಟರ್ ಬಿಸಿಯಾದ ಹಾಗೆ ತಾನಾಗೇ ಇಳಿಯುತ್ತೆ. ನಮ್ಮದರಲ್ಲಿ ಪೊಸಿಸ್ಟರ್ ಒಳಗೇ ಪುಡಿಯಾಗಿ ಶಾರ್ಟ್ ಆಗಿತ್ತು. ಹಳೇ ಸೆಟ್ಟುಗಳಲ್ಲಿ ಇದು ತೀರಾ ಮಾಮೂಲಿ ಕಾಯಿಲೆ.

ಪೊಸಿಸ್ಟರ್, ಕೆಪಾಸಿಟರ್‌ಗಳನ್ನ ನಾನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದೆ. ಮುಂದಿನ ಭಾನುವಾರ ಮಾಮ ಅವನ್ನ ಹಾಕಿ, ಕಾಯಿಲನ್ನ ಸದ್ಯಕ್ಕೆ ಬಿಚ್ಚಿಟ್ಟು, ಟಿವಿಯ ಜೊತೆ ಸೀರೀಸ್‌ನಲ್ಲಿ ನೂರು ವ್ಯಾಟಿನ ಹಳೇ ಬಲ್ಬ್ ಸೇರಿಸಿ ಸ್ವಿಚ್ ಒತ್ತಿದ್ರು. ಲಕ್ಷ ರೂಪಾಯಿಯ ಮೀಟರ್ ಬೇಡ, ಈ ಬಲ್ಬ್ ಸಾಕು. ಒಳಗೆ ಶಾರ್ಟ್ ಇದ್ರೆ ಬಲ್ಬ್ ಪೂರ್ತಿ ಉರಿದು ಸೆಟ್ಟನ್ನ ಕಾಪಾಡುತ್ತೆ. ಇಲ್ಲದಿದ್ರೆ ಒಂದು ಸಲ ಮಿಂಚಿ ಮಂಕಾಗುತ್ತೆ. ನಮ್ಮದು ಮಂಕಾಯ್ತು. ಬಲ್ಬ್ ತೆಗೆದು, ನೇರ ಕರೆಂಟು ಕೊಟ್ರು.

ಈಗ ಬೆಳಕು. ಅರ್ಧ ನಿಮಿಷಕ್ಕೆ ಪರದೆಯ ನಡುವೆ ಒಂದೇ ಒಂದು ಬಿಳೀ ಅಡ್ಡಗೆರೆ ಬಂತು. ಮೇಲೆ ಕತ್ತಲು, ಕೆಳಗೆ ಕತ್ತಲು. ನಾನು ಕೆಟ್ಟೇ ಹೋಯ್ತು ಅಂದ್ಕೊಂಡೆ. ಮಾಮ ಬ್ರೈಟ್‌ನೆಸ್ ಇಳಿಸಿ ನಕ್ಕರು. ಅಡ್ಡಗೆರೆ ಬಂತು ಅಂದ್ರೆ ಮುಕ್ಕಾಲು ಟಿವಿ ಬದುಕಿದೆ ಅಂತ ಲೆಕ್ಕ. ಎಲೆಕ್ಟ್ರಾನ್ ಕಿರಣ ಸೆಕೆಂಡಿಗೆ 15,625 ಸಲ ಎಡದಿಂದ ಬಲಕ್ಕೆ, 50 ಸಲ ಮೇಲಿಂದ ಕೆಳಕ್ಕೆ ಓಡ್ಬೇಕು. ಅಡ್ಡ ಓಟ ಸರಿಯಿದೆ, ಇಪ್ಪತ್ತು ಸಾವಿರ ವೋಲ್ಟ್ ಹುಟ್ಟಿಸೋ ಟ್ರಾನ್ಸ್‌ಫಾರ್ಮರ್ ಬದುಕಿದೆ, ಟ್ಯೂಬ್ ಬದುಕಿದೆ. ಕೆಳಗಿಳಿಸೋ ಸರ್ಕ್ಯೂಟ್ ಮಾತ್ರ ನಿಂತಿದೆ. ಬ್ರೈಟ್‌ನೆಸ್ ಇಳಿಸಿದ್ದು ಯಾಕೆ? ಇಡೀ ಪರದೆಗೆ ಹಂಚಬೇಕಾದ ಬೆಳಕು ಒಂದೇ ಗೆರೆಗೆ ಬಿದ್ದರೆ ಅಲ್ಲಿನ ಫಾಸ್ಫರ್ ಸುಟ್ಟು ಶಾಶ್ವತ ಕಲೆ ಉಳಿಯುತ್ತೆ.

ಮಾಮ ಆಫ್ ಮಾಡಿ, ಭೂತಗನ್ನಡಿ ಕೊಟ್ಟು "ಆ ಐಸಿಯ ಕಾಲು ನೋಡು" ಅಂದ್ರು. ಬೆಸುಗೆಯ ಸುತ್ತ ಕೂದಲಿನಷ್ಟು ತೆಳುವಾದ ಉಂಗುರದ ಬಿರುಕು. ಡ್ರೈ ಸೋಲ್ಡರ್ ಅಂತಾರೆ. ಬಿಸಿಯಾಗಿ, ತಣ್ಣಗಾಗಿ, ಮೂವತ್ತು ವರ್ಷದಲ್ಲಿ ಬೆಸುಗೆ ಕೈಬಿಟ್ಟಿತ್ತು. ಅವರ ಕೈ ನಡುಗೋದರಿಂದ ಬೆಸುಗೆ ಹಾಕಿದ್ದು ನಾನು, ತೋರಿಸಿಕೊಟ್ಟಿದ್ದು ಅವರು. ಎರಡು ಹನಿ ಸೀಸಕ್ಕೆ ಗೆರೆ ತೆರೆದು ಪರದೆ ತುಂಬ ಬೆಳಕಾಯ್ತು. ಒಳ್ಳೇ ಸುದ್ದಿ ಓದಿದಾಗಲೂ ನನಗೆ ಅಷ್ಟು ಖುಷಿ ಆಗಿದ್ದಿಲ್ಲ.

ಆಮೇಲೆ ಚಿತ್ರ. ದೂರದರ್ಶನ ತನ್ನ ಹಳೇ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನ ಬಹುತೇಕ ಮುಚ್ಚಿದೆ. ಮಾಳಿಗೆ ಮೇಲಿನ ಆಂಟೆನಾ ಈಗ ಕಾಗೆ ಕೂರೋಕೆ ಮಾತ್ರ. ಇವತ್ತಿನ ಸೆಟ್ ಟಾಪ್ ಬಾಕ್ಸಿನ ಹಳದಿ ಪಿನ್ ಹಾಕೋಕೆ ಆ ಟಿವಿಯಲ್ಲಿ ತೂತೇ ಇಲ್ಲ, ಆಂಟೆನಾ ತೂತು ಒಂದೇ. ನಡುವೆ ಆರ್‌ಎಫ್ ಮಾಡ್ಯುಲೇಟರ್ ಅನ್ನೋ ಚಿಕ್ಕ ಪೆಟ್ಟಿಗೆ ಬೇಕು. ಬಾಕ್ಸಿನ ಚಿತ್ರವನ್ನ ಅದು ಹಳೇ ಕಾಲದ ಚಾನೆಲ್ ತರಂಗಕ್ಕೆ ಏರಿಸಿ ಕೊಡುತ್ತೆ. ಟ್ಯೂನಿಂಗ್ ಚಕ್ರ ತಿರುಗಿಸಿದ್ವಿ. ಮಳೆ, ಮಳೆ, ಮಳೆ... ಆಮೇಲೆ ಒಂದು ಮುಖ. ಸ್ಪಷ್ಟವಾದ ಚಿತ್ರ, ಸ್ಪಷ್ಟವಾದ ಧ್ವನಿ. ಆದ್ರೆ ಕಪ್ಪು ಬಿಳುಪು.

ಇಲ್ಲಿಂದ ಮುಂದಿನದ್ದು ನನ್ನ ಪಾಲಿನ ಪಾಠ. ಭಾರತ ಆರಿಸಿಕೊಂಡಿದ್ದು ಪಾಲ್ ಪದ್ಧತಿ. ಟೆಲಿಫುಂಕನ್ ಕಂಪನಿಯ ವಾಲ್ಟರ್ ಬ್ರುಖ್ ಅನ್ನೋ ಜರ್ಮನ್ ಇಂಜಿನಿಯರ್ ರೂಪಿಸಿ 1963ರಲ್ಲಿ ತೋರಿಸಿದ್ದು. ಬಣ್ಣದ ಮಾಹಿತಿ ಕಪ್ಪು ಬಿಳುಪಿನ ಚಿತ್ರದ ಜೊತೆಗೇ, ಸೆಕೆಂಡಿಗೆ ಸುಮಾರು 44 ಲಕ್ಷ ಸಲ ಕಂಪಿಸೋ ಒಂದು ತರಂಗದ ಮೇಲೆ ಬರುತ್ತೆ. ಯಾವ ಬಣ್ಣ ಅನ್ನೋದು ಆ ತರಂಗದ ಫೇಸ್, ಅಂದ್ರೆ ಅದು ಎಷ್ಟು ಹಿಂದೆ ಮುಂದೆ ಇದೆ ಅನ್ನೋದರ ಮೇಲೆ ನಿಂತಿದೆ. ದಾರಿಯಲ್ಲಿ ಅದು ಸ್ವಲ್ಪ ತಪ್ಪಿದ್ರೆ ಮುಖ ಹಸಿರಾಗುತ್ತೆ. ಬ್ರುಖ್ ಮಾಡಿದ ಉಪಾಯ ಏನು ಗೊತ್ತಾ? ಬಣ್ಣದ ಒಂದು ಭಾಗವನ್ನ ಗೆರೆ ಬಿಟ್ಟು ಗೆರೆಗೆ ತಿರುಗಿಸಿ ಕಳಿಸೋದು. ಆಗ ಒಂದು ಗೆರೆಯಲ್ಲಿ ತಪ್ಪು ಆ ಕಡೆ ವಾಲಿದ್ರೆ, ಮುಂದಿನ ಗೆರೆಯಲ್ಲಿ ಈ ಕಡೆ ವಾಲುತ್ತೆ. ಎರಡನ್ನೂ ಕೂಡಿಸಿ ಸರಾಸರಿ ತೆಗೆದ್ರೆ ತಪ್ಪು ಹೊಡೆದುಹೋಗುತ್ತೆ.

ಆದ್ರೆ ಟಿವಿಗೆ ಹೋಲಿಸಿ ನೋಡೋಕೆ ಒಂದು ಸರಿಯಾದ ತಾಳ ಬೇಕಲ್ಲ? ಅದಕ್ಕೆ ಪ್ರತಿ ಗೆರೆಯ ಶುರುವಿನಲ್ಲಿ, ಕಣ್ಣಿಗೆ ಕಾಣದ ಜಾಗದಲ್ಲಿ, ನಿಲಯದವರು ಹತ್ತು ಸುತ್ತಿನ ಒಂದು ಸಣ್ಣ ಗುರುತು ಕಳಿಸ್ತಾರೆ. ಅದಕ್ಕೆ ಬರ್ಸ್ಟ್ ಅಂತ ಹೆಸರು. ಟಿವಿಯೊಳಗಿನ ಕ್ರಿಸ್ಟಲ್ ಅದಕ್ಕೆ ತಾಳ ಹೊಂದಿಸಿಕೊಳ್ಳುತ್ತೆ. ಹೊಂದಲಿಲ್ಲ ಅಂದ್ರೆ? ಆಗ ಕಲರ್ ಕಿಲ್ಲರ್ ಅನ್ನೋ ಸರ್ಕ್ಯೂಟ್ ಬಣ್ಣವನ್ನೇ ನಿಲ್ಲಿಸಿಬಿಡುತ್ತೆ. ನಮ್ಮ ಟಿವಿಯಲ್ಲಿ ಆಗಿದ್ದು ಅದೇ.

ಮಾಮ ಆ ಕಿಲ್ಲರನ್ನ ತಾತ್ಕಾಲಿಕವಾಗಿ ನಿಲ್ಲಿಸಿದ್ರು. ಅಬ್ಬಾ! ಪರದೆ ತುಂಬ ಕಾಮನಬಿಲ್ಲಿನ ಪಟ್ಟಿಗಳು ಓಡೋಕೆ ಶುರು. ಒಬ್ಬರ ಮುಖ ಒಂದು ಕ್ಷಣ ಕೆಂಪು, ಒಂದು ಕ್ಷಣ ನೀಲಿ. ಮಾಮ ಪ್ಲಾಸ್ಟಿಕ್ ಕಡ್ಡಿಯಿಂದ ಕ್ರಿಸ್ಟಲ್ ಪಕ್ಕದ ಟ್ರಿಮ್ಮರನ್ನ ಎಳ್ಳಷ್ಟು ತಿರುಗಿಸಿದ್ರು. ಪಟ್ಟಿಗಳು ನಿಧಾನವಾದವು, ಅಗಲವಾದವು, ಹೆಚ್ಚುಕಮ್ಮಿ ನಿಂತವು. ಕಿಲ್ಲರನ್ನ ಮತ್ತೆ ಕೆಲಸಕ್ಕೆ ಹಚ್ಚಿದ್ರು. ಬಣ್ಣ ನಿಂತುಕೊಂಡಿತು.

"ಮಾಮ, ಅರೆಬರೆ ಬಣ್ಣ ಬಂದಿದ್ರೂ ಆಗ್ತಿತ್ತಲ್ಲ, ಪೂರ್ತಿ ನಿಲ್ಲಿಸೋದು ಯಾಕೆ?" ಅಂತ ಕೇಳಿದೆ.

"ತಾಳ ಸಿಗದೇ ಇದ್ರೆ ಬಣ್ಣ ಹಚ್ಚಬಾರದು ಮರಿ. ಕಪ್ಪು ಬಿಳುಪು ತೋರಿಸಿದ್ರೆ ಯಾರಿಗೂ ಮೋಸ ಇಲ್ಲ. ಸುಳ್ಳು ಬಣ್ಣ ತೋರಿಸಿದ್ರೆ ನೋಡೋರು ಅದನ್ನೇ ನಿಜ ಅಂದ್ಕೋತಾರೆ." ಆಮೇಲೆ ಅಪ್ಪನ ಕಡೆ ತಿರುಗಿ, "ಅಲ್ವಾ ಮೇಷ್ಟ್ರೇ?" ಅಂದ್ರು. ಅಪ್ಪ ನನ್ನನ್ನೇ ನೋಡ್ತಿದ್ರು.

ಈಗ ಕಾರಣ ಹೇಳ್ತೀನಿ. ಎರಡು ತಿಂಗಳ ಹಿಂದೆ, ಆಸ್ಪತ್ರೆಯಲ್ಲಿದ್ದ ಒಬ್ಬ ಹಿರಿಯರು ತೀರಿಕೊಂಡ್ರು ಅಂತ ನಾನು ಲೈವ್‌ನಲ್ಲಿ ಓದಿದೆ. ಒಂದೇ ಮೂಲ, ಖಚಿತ ಮಾಡಿಕೊಂಡಿರಲಿಲ್ಲ. ಬೇರೆಯವರು ಹಾಕಿಬಿಡ್ತಾರೆ ಅನ್ನೋ ಅವಸರ. ಹದಿನೈದು ನಿಮಿಷಕ್ಕೆ ವಾಪಸ್ ತಗೊಂಡು ಕ್ಷಮೆ ಕೇಳಿದೆ. ಆದ್ರೆ ಆ ಹದಿನೈದು ನಿಮಿಷದಲ್ಲಿ ಅವರ ಮನೆಯವರಿಗೆ ಎಷ್ಟು ಫೋನ್ ಹೋಗಿರಬಹುದು? ಅಪ್ಪ ಬೈಯಲಿಲ್ಲ. ನನ್ನ ಬುಲೆಟಿನ್ ನೋಡೋದನ್ನ ಬಿಟ್ಟರು, ಅಷ್ಟೆ. ಒಂದು ಪಿಕ್ಚರ್ ಟ್ಯೂಬಿನ ಪೆಟ್ಟಿಗೆಗೇ ಇರೋ ಸಂಯಮ ನನಗಿರಲಿಲ್ಲ.

ಇನ್ನೊಂದು ಕೆಲಸ ಬಾಕಿ ಇತ್ತು. ಮುಖಗಳು ಸ್ವಲ್ಪ ಹಸಿರಿಗೆ ತಿರುಗಿದ್ದವು. ಮೂರು ಗನ್ನುಗಳಲ್ಲಿ ಕೆಂಪು ಗನ್ ದಣಿದಿತ್ತು. "ಕೆಂಪನ್ನ ಜಾಸ್ತಿ ಮಾಡಿ" ಅಂದೆ. ಮಾಮ ತಲೆ ಅಲ್ಲಾಡಿಸಿದ್ರು. ದಣಿದ ಗನ್ನಿಗೆ ಹೆಚ್ಚು ಒತ್ತಾಯ ಮಾಡಿದ್ರೆ ಬೇಗ ಸಾಯುತ್ತೆ. ಅವರು ಹಸಿರು, ನೀಲಿಗಳನ್ನ ಇಳಿಸಿ ಕೆಂಪಿನ ಮಟ್ಟಕ್ಕೆ ತಂದ್ರು. ಚಿತ್ರ ಸ್ವಲ್ಪ ಮಂಕಾಯ್ತು, ಬಣ್ಣ ಸರಿಯಾಯ್ತು. ಕಿಟಕಿಯ ಪರದೆ ಎಳೆದ್ರೆ ಆಯ್ತು.

ಬಿಡಿಭಾಗಕ್ಕೆ ಖರ್ಚಾಗಿದ್ದು 640 ರೂಪಾಯಿ, ಮಾಡ್ಯುಲೇಟರ್ ಬೇರೆ. ಮಾಮ ಕೂಲಿ ಮುಟ್ಟಲಿಲ್ಲ, ಕಾಫಿ ಕುಡಿದ್ರು. ಯೋಚನೆ ಮಾಡಿ ವೀಕ್ಷಕರೇ, ಇವತ್ತು ಮೂರು ವರ್ಷದ ಟಿವಿ ಕೆಟ್ಟರೆ "ಪ್ಯಾನೆಲ್ ಹೋಗಿದೆ, ಹೊಸದು ತಗೊಳ್ಳಿ" ಅಂತಾರೆ. 2022ರಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿಗಾಗಿ ಒಂದು ಪೋರ್ಟಲ್ ಶುರು ಮಾಡಿತು. ಒಳ್ಳೇದೇ. ಆದ್ರೆ ಪೋರ್ಟಲ್ ಬೆಸುಗೆ ಹಾಕಲ್ಲ. ಭೂತಗನ್ನಡಿ ಹಿಡಿದು ಬಿರುಕು ತೋರಿಸೋ ಮಾಮಂದಿರು ನಿಮ್ಮ ಬೀದಿಯಲ್ಲೂ ಇರಬಹುದು. ಅವರ ಕೈ ಪೂರ್ತಿ ನಡುಗೋ ಮೊದಲು ಒಬ್ಬ ಹುಡುಗನನ್ನಾದ್ರೂ ಪಕ್ಕದಲ್ಲಿ ಕೂರಿಸಿ.

ನಿಮ್ಮ ಹಳೇ ಟಿವಿಯನ್ನ ಉಳಿಸಿಕೊಳ್ಳೋದಾದ್ರೆ, ತಿಳಿದವರು ನೋಡೋ ತನಕ ಪ್ಲಗ್ ಹಾಕಬೇಡಿ. ಬಿಸಾಕೋದಾದ್ರೆ ಗುಜರಿಗೆ ಕೊಟ್ಟು ಒಡೆಸಬೇಡಿ. ಟ್ಯೂಬಿನ ಗಾಜಿನಲ್ಲಿ ಸೀಸ ಇರುತ್ತೆ, ಒಳಗೆ ನಿರ್ವಾತ ಇರೋದರಿಂದ ಒಡೆದಾಗ ಚೂರು ಸಿಡಿಯುತ್ತೆ. ಮಾನ್ಯತೆ ಇರೋ ಇ-ತ್ಯಾಜ್ಯ ಕೇಂದ್ರಕ್ಕೇ ಕೊಡಿ.

ಮಾರನೇ ದಿನ ಸೋಮವಾರ, ನಾನು ಸ್ಟುಡಿಯೋದಲ್ಲಿದ್ದೆ. ರಾತ್ರಿ ಬುಲೆಟಿನ್ ಮುಗಿಸಿ ಫೋನ್ ನೋಡಿದ್ರೆ ಅಪ್ಪನ ಮಿಸ್ಡ್ ಕಾಲ್. ವಾಪಸ್ ಮಾಡಿದೆ.

"ನೋಡಿದೆ ಕಣೋ. ಸ್ವಲ್ಪ ಮಂಕು. ಆದ್ರೆ ಬಣ್ಣ ಸರಿ ಇದೆ" ಅಂದ್ರು.

ಟಿವಿ ಬಗ್ಗೆ ಹೇಳಿದ್ರಾ, ನನ್ನ ಬಗ್ಗೆನಾ? ನಾನು ಕೇಳಲಿಲ್ಲ.