ಕರೆಗೆ ಓಗೊಟ್ಟವರು

ಸೆಪ್ಟೆಂಬರ್ 8 ಸಮೀಪಿಸಿತೆಂದರೆ ಹರಿಹರದ ಕಡೆಗೆ ಹೋಗುವ ಬಸ್ಸುಗಳಲ್ಲಿ ನೂಕುನುಗ್ಗಲು. ಅಂದು ಆರೋಗ್ಯ ಮಾತೆಯ ಹಬ್ಬ. ಚನ್ನಗಿರಿಯ ಅಡಿಕೆ ತೋಟದವರು, ಹೊನ್ನಾಳಿ, ನ್ಯಾಮತಿಯ ಮೆಕ್ಕೆಜೋಳದ ರೈತರು, ಮಳೆಯನ್ನೇ ನೆಚ್ಚಿದ ಜಗಳೂರಿನವರು ಎಲ್ಲರೂ ಬರುತ್ತಾರೆ. ಕ್ರೈಸ್ತರಲ್ಲದವರೂ ಬರುತ್ತಾರೆ. ಕಾಯಿಲೆ ವಾಸಿಯಾಗಲಿ, ಮಗಳಿಗೆ ವರ ಸಿಗಲಿ, ಕೊಳವೆಬಾವಿಯಲ್ಲಿ ನೀರು ಬರಲಿ ಎಂದು ಬೇಡಿಕೊಳ್ಳುವವರೇ ಹೆಚ್ಚು. ಆದರೆ ಆ ಜನಜಂಗುಳಿಯಲ್ಲಿ ಎಲ್ಲೋ ಒಬ್ಬ ಹುಡುಗ ಏನನ್ನೂ ಬೇಡದೆ ಸುಮ್ಮನೆ ನಿಂತಿರಬಹುದು. ತನ್ನನ್ನು ದೇವರೇ ಏನನ್ನೋ ಕೇಳುತ್ತಿದ್ದಾನೆ ಎಂದು ಅವನಿಗೆ ಅನ್ನಿಸತೊಡಗಿರುತ್ತದೆ. ಅದನ್ನು ಮನೆಯಲ್ಲಿ ಹೇಳುವುದು ಹೇಗೆ?

ಕ್ರೈಸ್ತರು ಇದನ್ನು ‘ದೈವಕರೆ’ ಎನ್ನುತ್ತಾರೆ. ಹೆಸರು ದೊಡ್ಡದಾದರೂ ಅದು ಬರುವ ಬಗೆ ಬಲು ಸಾಮಾನ್ಯ. ಆಕಾಶವಾಣಿ ಮೊಳಗುವುದಿಲ್ಲ, ಕನಸಿನಲ್ಲಿ ಬೆಳಕು ಕಾಣಿಸಿಕೊಳ್ಳುವುದಿಲ್ಲ. ರೋಗಿಯ ಬಳಿ ರಾತ್ರಿಯೆಲ್ಲ ಕುಳಿತ ಕನ್ಯಾಸ್ತ್ರೀಯೊಬ್ಬರನ್ನು ಕಂಡದ್ದು, ಪೂಜೆಯ ಹೊತ್ತಿನಲ್ಲಿ ಕೇಳಿದ ಒಂದು ಮಾತು, ಬೇಡವೆಂದರೂ ಮತ್ತೆ ಮತ್ತೆ ಮನಸ್ಸಿಗೆ ಬರುವ ಒಂದು ಯೋಚನೆ, ಇಷ್ಟೇ. ಕಷ್ಟವಿರುವುದು ಆನಂತರ.

ಗುರುವಾಗಬೇಕೆನ್ನುವ ಕಥೋಲಿಕ ಹುಡುಗ ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಮುಗಿಸಿ ಗುರುಮಠಕ್ಕೆ ಸೇರಬೇಕು. ತತ್ವಶಾಸ್ತ್ರ, ದೈವಶಾಸ್ತ್ರ, ನಡುವೆ ಸೇವೆಯ ಅವಧಿ ಎಲ್ಲ ಸೇರಿ ಹತ್ತು ವರ್ಷದ ಆಚೀಚೆ ಆಗುತ್ತದೆ. ಮದುವೆಯಿಲ್ಲ. ಒಬ್ಬನೇ ಮಗನಾದರೆ ಮನೆತನ ಅಲ್ಲಿಗೇ ನಿಂತಂತೆ. ಎರಡು ಎಕರೆ ಹೊಲವನ್ನು ಉಳುವವರು ಯಾರು, ತಂಗಿಯ ಮದುವೆಗೆ ನಿಲ್ಲುವವರು ಯಾರು ಎಂದು ತಂದೆ ಕೇಳಿದರೆ ಅದನ್ನು ಸ್ವಾರ್ಥವೆನ್ನಲಾಗದು. ಪ್ರೊಟೆಸ್ಟೆಂಟ್ ಸಭಾಪಾಲಕರಿಗೆ ಮದುವೆಗೆ ಅಡ್ಡಿಯಿಲ್ಲ. ಆದರೆ ಸಣ್ಣ ಊರಿನ ಸಭೆ ಕೊಡುವ ಸಂಬಳದಲ್ಲಿ ಸಂಸಾರ ತೂಗಿಸುವುದೂ ಒಂದು ತಪಸ್ಸೇ. ಹೆಣ್ಣುಮಕ್ಕಳ ಪಾಡು ಇನ್ನೊಂದು ಬಗೆ. ಕಾನ್ವೆಂಟಿಗೆ ಹೊರಟ ಹುಡುಗಿಯ ಬಗ್ಗೆ ‘ವರದಕ್ಷಿಣೆ ಕೊಡಲಾಗದೆ ಕಳಿಸಿದರು’ ಎಂದು ಆಡಿಕೊಳ್ಳುವ ಬಾಯಿಗಳು ಯಾವ ಊರಿನಲ್ಲಿಲ್ಲ?

ಹೆದರುವುದು ಅಪನಂಬಿಕೆಯ ಲಕ್ಷಣವೇನೂ ಅಲ್ಲ. ಕರೆ ಬಂದಾಗ ನೆಪ ಹೇಳಿದವರು ಬೈಬಲಿನಲ್ಲಿಯೇ ಬೇಕಾದಷ್ಟಿದ್ದಾರೆ. ಮೋಶೆ ತನಗೆ ಮಾತು ಬಾರದೆಂದ. ಯೆರೆಮೀಯ ತಾನಿನ್ನೂ ಎಳೆಯನೆಂದ. ಯೋನನಂತೂ ನಿನೆವೆಗೆ ಹೋಗೆಂದರೆ ಎದುರು ದಿಕ್ಕಿನ ಹಡಗು ಹತ್ತಿದ. ಅವರನ್ನು ಆ ಕಾರಣಕ್ಕೆ ಯಾರೂ ಕೈಬಿಡಲಿಲ್ಲ.

ಕನ್ನಡ ನಾಡಿನಲ್ಲಿ ಹೀಗೆ ಓಗೊಟ್ಟವರಲ್ಲಿ ಆನಂದರಾವ್ ಕೌಂಡಿನ್ಯರ ಕಥೆ ಮೈ ಜುಮ್ಮೆನ್ನಿಸುವಂಥದು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಈ ತರುಣ, ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರ ಶಿಷ್ಯ. ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು 1843ರಲ್ಲಿ ಹೊರಡಿಸಿದ ಅದೇ ಮೋಗ್ಲಿಂಗ್. ಮರುವರ್ಷ, 1844ರ ಜನವರಿ 6ರಂದು, ಕೌಂಡಿನ್ಯ ಇಬ್ಬರು ಗೆಳೆಯರೊಡನೆ ದೀಕ್ಷಾಸ್ನಾನ ಪಡೆದರು. ಇಪ್ಪತ್ತು ತುಂಬದ ವಯಸ್ಸು. ಊರಿಗೆ ಊರೇ ಸಿಡಿದೆದ್ದಿತು. ಹುಟ್ಟಿದ ಮನೆ, ಬಂಧುಬಳಗ ಎಲ್ಲ ಒಂದೇ ದಿನದಲ್ಲಿ ದೂರವಾದವು. 1846ರಲ್ಲಿ ಗುರುವಿನೊಡನೆ ಸಮುದ್ರ ದಾಟಿ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋದರು. 1851ರಲ್ಲಿ ದೀಕ್ಷೆ ಪಡೆದು ಮರಳಿ ಮಂಗಳೂರಿಗೇ ಬಂದರು. ಹೋಗುವುದಕ್ಕಿಂತ ಹೀಗೆ ಮರಳಿ ಬಂದು ಅದೇ ಬೀದಿಗಳಲ್ಲಿ ಓಡಾಡುವುದಕ್ಕೆ ಹೆಚ್ಚಿನ ಎದೆಗಾರಿಕೆ ಬೇಕಾಗಿದ್ದಿರಬೇಕು. ಮುಂದೆ ಕೊಡಗಿನ ಆನಂದಪುರದಲ್ಲಿ, ಜೀತದಿಂದ ಹೊರಬಂದ ದಲಿತ ಕೂಲಿಗಳ ನಡುವೆ ಅವರು ದುಡಿದರು.

ಕರಾವಳಿಯ ಕಥೆ ದೂರದ್ದೆನಿಸಿದರೆ, ಈ ಸೀಮೆಗೆ ಹತ್ತಿರದ ಇನ್ನೊಂದಿದೆ. ಜಗಳೂರಿನಿಂದ ಕೊಟ್ಟೂರಿನ ಕಡೆ ಹೊರಟು ಇನ್ನೂ ಮುಂದೆ ಹೋದರೆ ಹೂವಿನಹಡಗಲಿ. ಆ ಬಿಸಿಲೂರಿನಲ್ಲಿ ಬಹುಕಾಲ ಇದ್ದವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ ಬಾಸೆಲ್ ಮಿಷನ್ನಿನ ಪಾದ್ರಿಯಾದವರು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳನ್ನು ಸರ್ಕಾರ ಬಂಧನದಲ್ಲಿಟ್ಟು ದೇಶದಿಂದಾಚೆ ಕಳಿಸಿತು. ಆಗ ಸಭೆಗಳ ಹೊರೆ ಬಿದ್ದದ್ದು ಉತ್ತಂಗಿಯವರಂಥ ಕನ್ನಡಿಗ ಪಾದ್ರಿಗಳ ಹೆಗಲಿಗೆ.

ಇವರಿಗೆ ಬಂದ ಕರೆ ಮಾತ್ರ ಚರ್ಚಿನ ಬಾಗಿಲಲ್ಲಿ ನಿಲ್ಲಲಿಲ್ಲ. ಸುವಾರ್ತೆ ಹೇಳಲು ಹಳ್ಳಿ ಹಳ್ಳಿ ತಿರುಗುವಾಗ ರೈತರ ಬಾಯಲ್ಲಿ ಕೇಳಿದ್ದು ಸರ್ವಜ್ಞನ ಮಾತು. ಹೇಳಲು ಹೋದವರು ಕೇಳಲು ಕುಳಿತರು. ಮಾಸೂರಿನ ಸರ್ವಜ್ಞ ಹೊನ್ನಾಳಿ, ನ್ಯಾಮತಿಯವರಿಗೆ ನೆರೆಯವನೇ. ಇಲ್ಲಿಯ ಹಿರಿಯರ ಮಾತಿಗೆ ಇವತ್ತಿಗೂ ಅವನೇ ಸಾಕ್ಷಿ. ಬಾಯಿಂದ ಬಾಯಿಗೆ ಹರಿದು ಚದುರಿದ್ದ ತ್ರಿಪದಿಗಳನ್ನು ವರ್ಷಗಟ್ಟಲೆ ಕೂಡಿಹಾಕಿ, ಸಾವಿರಕ್ಕೂ ಮಿಕ್ಕ ವಚನಗಳ ಸಂಪುಟವನ್ನು ಉತ್ತಂಗಿ 1924ರಲ್ಲಿ ಪ್ರಕಟಿಸಿದರು. ಸರ್ವಜ್ಞ ಇಂದು ಶಾಲೆಯ ಪುಸ್ತಕದಲ್ಲಿದ್ದಾನೆಂದರೆ ಅದರಲ್ಲಿ ಈ ಪಾದ್ರಿಯ ಪಾಲು ದೊಡ್ಡದು.

ಪಾದ್ರಿಗೆ ಸರ್ವಜ್ಞನೇಕೆ ಎಂದು ಒಂದು ಕಡೆಯವರು, ಸರ್ವಜ್ಞನಿಗೆ ಪಾದ್ರಿಯೇಕೆ ಎಂದು ಇನ್ನೊಂದು ಕಡೆಯವರು ಹುಬ್ಬೇರಿಸಬಹುದಾದ ಕೆಲಸ ಇದು. ಎರಡು ದಡಕ್ಕೂ ಪೂರ್ತಿ ಸೇರದೆ ನಡುನೀರಿನಲ್ಲಿ ನಿಲ್ಲುವ ಧೈರ್ಯ ಅಪರೂಪದ್ದು. ಉತ್ತಂಗಿ ಅಲ್ಲಿ ನಿಂತರು. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಪುಸ್ತಕ ಬರೆದರು. ಹೆಸರೇ ಎಲ್ಲವನ್ನೂ ಹೇಳುತ್ತದೆ. ಅಪ್ಪಣೆಯಲ್ಲ, ವಿನಂತಿ. ಅನುಭವ ಮಂಟಪ ಇತ್ತೋ ಇಲ್ಲವೋ ಎಂಬ ವಾದ ಎದ್ದಾಗ, ಅದು ನಿಜವಾಗಿ ಇತ್ತೆಂದು ಆಧಾರ ಕೊಟ್ಟು ವಾದಿಸಿದವರೂ ಈ ಕ್ರೈಸ್ತರೇ. ನಾಡು ಅವರನ್ನು ‘ತಿರುಳ್ಗನ್ನಡದ ತಿರುಕ’ ಎಂದು ಕರೆಯಿತು. 1949ರಲ್ಲಿ, ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಮರುವರ್ಷ, ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಇಷ್ಟಾಗಿಯೂ ಅವರು ತಮ್ಮ ಕ್ರಿಸ್ತನನ್ನು ಬಿಟ್ಟುಕೊಡಲಿಲ್ಲ, ಕನ್ನಡವನ್ನೂ ಬಿಡಲಿಲ್ಲ. 1962ರಲ್ಲಿ ತೀರಿಕೊಂಡರು.

ಇಂಥ ಹಿರಿಯರ ಮಾತು ಕೇಳಿ ಇಂದಿನ ಹುಡುಗ ದಿಗಿಲುಬೀಳಬಾರದು. ಎಲ್ಲರೂ ಕೌಂಡಿನ್ಯರಾಗಬೇಕಿಲ್ಲ. ಕಥೋಲಿಕ ಧರ್ಮಸಭೆ 1964ರಿಂದ ವರ್ಷಕ್ಕೊಂದು ಭಾನುವಾರವನ್ನು ದೈವಕರೆಯ ಪ್ರಾರ್ಥನೆಗೆಂದೇ ಮೀಸಲಿಟ್ಟಿದೆ. ಬೇಸಿಗೆ ರಜೆಯಲ್ಲಿ ಶಿಬಿರಗಳು ನಡೆಯುತ್ತವೆ. ನಾಲ್ಕು ದಿನ ಇದ್ದು ನೋಡಿ ಬರಬಹುದು. ಗುರುಮಠದ ಆ ದೀರ್ಘ ವರ್ಷಗಳೂ ಒಂದು ಅರ್ಥದಲ್ಲಿ ಪರೀಕ್ಷೆಯ ಕಾಲವೇ: ಕರೆಯೋ, ಬರೀ ಹುಮ್ಮಸ್ಸೋ ಎಂದು ಇಬ್ಬರೂ ತೂಗಿ ನೋಡುವ ಕಾಲ.

ಹೋದವರೆಲ್ಲ ಉಳಿಯುವುದಿಲ್ಲ. ಐದಾರು ವರ್ಷ ಓದಿ, ಇದು ತನ್ನ ದಾರಿಯಲ್ಲವೆಂದು ತಿಳಿದು ಪೆಟ್ಟಿಗೆ ಹಿಡಿದು ಊರಿಗೆ ಮರಳುವವರೂ ಇದ್ದಾರೆ. ಬಸ್ಸಿನಿಂದಿಳಿದ ಅಂಥವನನ್ನು ಊರು ನೋಡುವ ನೋಟ ಕೆಟ್ಟದು. ಪರೀಕ್ಷೆಯಲ್ಲಿ ಫೇಲಾದವನಂತೆ, ಏನೋ ತಪ್ಪು ಮಾಡಿ ಬಂದವನಂತೆ. ಅವನ ತಾಯಿ ಒಂದು ತಿಂಗಳು ಚರ್ಚಿನಲ್ಲಿ ಹಿಂದಿನ ಸಾಲಿಗೆ ಸರಿಯುತ್ತಾಳೆ. ಇದು ಅನ್ಯಾಯ. ತನಗೆ ಬಂದದ್ದು ಬೇರೆ ಕರೆ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡು ಬಂದವನು, ಮರ್ಯಾದೆಗೆ ಅಂಜಿ ಅಲ್ಲೇ ಉಳಿದವನಿಗಿಂತ ಕಡಿಮೆಯವನೇನಲ್ಲ. ಒಳ್ಳೆಯ ಮೇಷ್ಟರಾಗಿ, ಒಳ್ಳೆಯ ಗಂಡನಾಗಿ ಬಾಳುವುದನ್ನೂ ಧರ್ಮಸಭೆ ಕರೆಯೆಂದೇ ಎಣಿಸುತ್ತದೆ. ಊರಿಗೆ ಅದು ತಿಳಿಯಲು ಇನ್ನೂ ಸಮಯ ಬೇಕೇನೋ.

ಹಬ್ಬ ಮುಗಿಸಿ ಹರಿಹರದಿಂದ ಹೊರಟ ಬಸ್ಸಿನಲ್ಲಿ ಹುಡುಗ ಕೊನೆಗೂ ಬಾಯಿಬಿಟ್ಟನೆನ್ನಿ. ತಾಯಿ ಕಿಟಕಿಯಾಚೆ ನೋಡುತ್ತ ಹೇಳುವುದು ಬಹುಶಃ ಇಷ್ಟೇ: “ಮೊದ್ಲು ಪಿಯುಸಿ ಮುಗ್ಸಪ್ಪಾ. ಆಮೇಲೆ ಫಾದರ್ ಹತ್ರ ಹೋಗಿ ಮಾತಾಡಾಣ.” ಹೆಚ್ಚಿನ ಗುರುಗಳು ಹೇಳುವುದೂ ಇದನ್ನೇ.